‘ಸುಳ್ಳು ನೋವು’ ಅಂತ ಹೆಸರಿಟ್ಟವರು ಯಾರು?

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

ರಮ್ಯಾ ಅಂತಿಟ್ಟುಕೊಳ್ಳೋಣ. ಸಮಾಲೋಚನೆಗೆ ಅಂತ ನನ್ನ ಬಳಿ ಬಂದಾಗ ಅವರಿಗೆ 38 ವಾರ ಮುಗಿದು 4 ದಿನವಾಗಿತ್ತು. ಚೊಚ್ಚಲ ಬಸುರಿ. ಕೂತು ಐದು ನಿಮಿಷವಾಗಿಲ್ಲ, ಎರಡು ಸಲ ಫೋನ್ ಬಂತು. ಎರಡನೆಯದನ್ನು ಎತ್ತದೆ ಬ್ಯಾಗಿಗೆ ತುರುಕಿದರು.

“ಎಲ್ಲರದ್ದೂ ಒಂದೇ ಪ್ರಶ್ನೆ ಮೇಡಂ. ಇನ್ನೂ ಆಗಿಲ್ವಾ ಅಂತ.”

ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಆ ಹದಿನೈದು ದಿನದಲ್ಲಿ ಎರಡು ಸಲ ಮಧ್ಯರಾತ್ರಿ ನೋವು ಅಂತ ಆಸ್ಪತ್ರೆಗೆ ಓಡಿದ್ದರು. ಎರಡೂ ಸಲ ‘ಇದು ಸುಳ್ಳು ನೋವು, ಮನೆಗೆ ಹೋಗಿ’ ಅಂದು ಕಳಿಸಿದ್ದರು. ಎರಡನೇ ಸಲ ಯಾರೋ ಸಿಬ್ಬಂದಿ ನಗುತ್ತಾ “ಮತ್ತೆ ಬಂದ್ರಾ?” ಅಂದರಂತೆ. ಅದು ಮುಳ್ಳಿನ ಹಾಗೆ ನಾಟಿಬಿಟ್ಟಿತ್ತು. ಇನ್ನು ನೀರು ಒಡೆಯುವ ತನಕ ಆಸ್ಪತ್ರೆ ಕಡೆ ಹೋಗಲ್ಲ ಅಂತ ಗಂಡನಿಗೆ ಹೇಳಿಟ್ಟಿದ್ದರು.

ಈ ಮಾತು ಕೇಳಿ ನನಗೆ ದಿಗಿಲಾಯಿತು. ಸಿನಿಮಾದಲ್ಲಿ ಮೊದಲು ನೀರು ಒಡೆಯುತ್ತದೆ, ಆಮೇಲೆ ನೋವು. ನಿಜದಲ್ಲಿ ಹೆಚ್ಚಿನವರಿಗೆ ನೋವು ಶುರುವಾಗಿ ಎಷ್ಟೋ ಹೊತ್ತಿನ ಮೇಲೆ ನೀರು ಹೋಗುತ್ತದೆ. ದಿನ ತುಂಬಿದವರಲ್ಲಿ ನೋವಿಗೆ ಮೊದಲೇ ನೀರು ಹೋಗುವುದು ನೂರಕ್ಕೆ ಸುಮಾರು ಹತ್ತು ಜನರಿಗೆ ಮಾತ್ರ.

ಮಗು ಹೇಗೆ ಓಡಾಡ್ತಿದೆ ಅಂತ ಕೇಳಿದೆ. “ನಿನ್ನೆಯಿಂದ ಸ್ವಲ್ಪ ಕಡಿಮೆ. ಕೊನೇಲಿ ಜಾಗ ಸಾಲಲ್ಲ, ಹಾಗಾಗುತ್ತೆ ಅಂತಾರೆ ಅಲ್ವಾ?”

ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿದೆ. ಕೊನೆಯ ವಾರಗಳಲ್ಲಿ ಮಗುವಿನ ಚಲನೆಯ ರೀತಿ ಬದಲಾಗಬಹುದು, ಜೋರಾಗಿ ಒದೆಯುವ ಬದಲು ಹೊರಳಾಡಬಹುದು. ಆದರೆ ಚಲನೆ ಕಡಿಮೆ ಆಗಬಾರದು. ಆಯಿತು ಅನ್ನಿಸಿದರೆ ‘ನಾಳೆ ನೋಡೋಣ’ ಅನ್ನುವ ಮಾತೇ ಇಲ್ಲ. ನಾನು ಡಾಕ್ಟರ್ ಅಲ್ಲ. ಆ ಹೊತ್ತಿಗೆ ನನ್ನ ಕೆಲಸ ಅವರ ಕೈಗೆ ಫೋನ್ ಕೊಡುವುದಷ್ಟೇ. ನನ್ನ ಮುಂದೆಯೇ ಆಸ್ಪತ್ರೆಗೆ ಕರೆ ಮಾಡಿದರು. ಅಲ್ಲಿಯವರು ಈಗಲೇ ಬನ್ನಿ ಅಂದರು. ಬಾಗಿಲ ಬಳಿ ರಮ್ಯಾ ತಿರುಗಿ ನಿಂತರು.

“ಮತ್ತೆ ಹೋದ್ರೆ ನಗ್ತಾರೆ ಮೇಡಂ.”

“ನಗಲಿ, ಹೋಗಿ” ಅಂದೆ.

ಮಗುವಿನ ಎದೆಬಡಿತ, ಬಿಪಿ ಎಲ್ಲ ನೋಡಿದರು. ಎಲ್ಲವೂ ಸರಿ ಇತ್ತು. ಮೂರನೇ ಸಲವೂ ಮನೆಗೆ ಕಳಿಸಿದರು.

ನಾಲ್ಕು ದಿನ ಬಿಟ್ಟು ಗಂಡನ ಜೊತೆ ಬಂದರು. ಆಗ ನಿಧಾನವಾಗಿ ಮಾತಾಡಿದೆವು. ನನಗೆ ಈ ‘ಸುಳ್ಳು ನೋವು’ ಅನ್ನುವ ಹೆಸರೇ ಇಷ್ಟವಿಲ್ಲ. ನೋವು ನಿಜವೇ, ಹೊಟ್ಟೆ ಕಲ್ಲಿನ ಹಾಗೆ ಬಿಗಿಯುವುದೂ ನಿಜವೇ. ಗರ್ಭಕೋಶ ಸುಮ್ನೆ ತಾಲೀಮು ಮಾಡುತ್ತಿರುತ್ತದೆ. ಆದರೆ ಆ ಹೆಸರು ಕೇಳಿದ ಹೆಣ್ಣಿಗೆ ತಾನೇ ಸುಳ್ಳು ಹೇಳಿ ಸಿಕ್ಕಿಬಿದ್ದೆ ಅನ್ನಿಸುತ್ತದೆ. ಇದನ್ನು ಹೇಳಿದಾಗ ರಮ್ಯಾ ಅತ್ತುಬಿಟ್ಟರು. ಗಂಡನೂ ಎರಡು ರಾತ್ರಿಯೂ ಹೊರಡುವ ಮೊದಲು “ಖಂಡಿತಾನಾ?” ಅಂತ ಕೇಳಿದ್ದರಂತೆ.

ತಾಲೀಮಿನ ನೋವಿಗೆ ಲೆಕ್ಕ ಇರುವುದಿಲ್ಲ. ಒಮ್ಮೆ ಹತ್ತು ನಿಮಿಷಕ್ಕೆ ಬರುತ್ತದೆ, ಇನ್ನೊಮ್ಮೆ ಅರ್ಧ ಗಂಟೆ ಪತ್ತೆಯೇ ಇಲ್ಲ. ಎದ್ದು ಓಡಾಡಿದರೆ, ನೀರು ಕುಡಿದು ಮಗ್ಗುಲು ಬದಲಿಸಿದರೆ ತಣ್ಣಗಾಗುತ್ತದೆ. ಹೆರಿಗೆ ನೋವು ಏನು ಮಾಡಿದರೂ ಬಿಡುವುದಿಲ್ಲ. ಬರಬರುತ್ತಾ ಹತ್ತಿರವಾಗುತ್ತದೆ, ಜೋರಾಗುತ್ತದೆ. ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದೂ ನಿಮಿಷದಷ್ಟು ಹಿಡಿದು, ಒಂದು ಗಂಟೆ ಹಾಗೇ ಮುಂದುವರಿದರೆ ಹೊರಡಿ ಅಂದೆ. ಆಸ್ಪತ್ರೆ ದೂರವಿದ್ದರೆ ಇನ್ನೂ ಬೇಗ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ದರೆ ಅದೇ ಸರಿ. ಪರೀಕ್ಷೆ ಮಾಡದೆ ಎಷ್ಟೋ ಸಲ ಅನುಭವಸ್ಥರಿಗೂ ವ್ಯತ್ಯಾಸ ಗೊತ್ತಾಗಲ್ಲ, ನಿಮಗೆ ಹೇಗೆ ಗೊತ್ತಾಗಬೇಕು?

ಗಂಡನಿಗೆ ಒಂದು ಹಾಳೆ ಕೊಟ್ಟು ಬರೆಸಿದೆ. ಮಗು ಕಡಿಮೆ ಓಡಾಡಿದರೆ, ರಕ್ತ ಹೋದರೆ, ನೋವಿಲ್ಲದೆಯೂ ನೀರು ಹೋದರೆ, ಅದರಲ್ಲೂ ಹಸಿರು ಅಥವಾ ಕಂದು ಬಣ್ಣವಿದ್ದರೆ, ತಡೆಯಲಾರದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ದಿಢೀರನೆ ಊದಿಕೊಳ್ಳುವುದು, ಜ್ವರ, ಅಂಗೈ ಅಂಗಾಲಿನಲ್ಲಿ ಬಿಡದ ತುರಿಕೆ. ಇದರಲ್ಲಿ ಯಾವುದೇ ಒಂದು ಕಂಡರೂ ಆಸ್ಪತ್ರೆಗೆ ಕರೆ ಮಾಡುವುದು ಗಂಡನ ಕೆಲಸ. ‘ಖಂಡಿತಾನಾ’ ಅಂತ ಕೇಳುವ ಹಾಗಿಲ್ಲ. ರಕ್ತದ ಎಳೆ ಇರುವ ಲೋಳೆ ಸ್ವಲ್ಪ ಕಂಡರೆ ಮಾತ್ರ ಗಾಬರಿ ಬೇಡ. ಅದಾಗಿ ನೋವು ಬರಲು ಕೆಲವು ಗಂಟೆಯೂ ಹಿಡಿಯಬಹುದು, ಕೆಲವು ದಿನವೂ ಹಿಡಿಯಬಹುದು.

ಇನ್ನು ಡ್ಯೂ ಡೇಟ್. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುವ ಅಂದಾಜು ಅದು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಚೊಚ್ಚಲಲ್ಲಿ ದಾಟುವುದೇ ಜಾಸ್ತಿ. 41 ವಾರ ತಲುಪಿದರೆ ಏನು ಮಾಡುವುದು, ನೋವು ಬರಿಸುತ್ತಾರಾ ಅಂತ ರಾತ್ರಿ ಫೋನಿನಲ್ಲಿ ಹುಡುಕುವ ಬದಲು ಮುಂದಿನ ಭೇಟಿಯಲ್ಲಿ ಡಾಕ್ಟರನ್ನೇ ಕೇಳಿ ಅಂದೆ. ಬಂಧುಗಳ ಕರೆ ಇನ್ನು ಗಂಡನ ಪಾಲು. ‘ಆದಾಗ ನಾವೇ ತಿಳಿಸ್ತೀವಿ’, ಅಷ್ಟೇ ಉತ್ತರ.

ಎದ್ದು ಹೊರಡುವಾಗ ರಮ್ಯಾ ಮೆಲ್ಲಗೆ ಕೇಳಿದರು, “ಹೆರಿಗೆ ಹೊತ್ತಲ್ಲಿ ನಾನು ಕಿರುಚಿಬಿಟ್ಟರೆ?” ಎರಡು ವಾರ ನಿದ್ದೆ ಕೆಡಿಸಿದ್ದು ಇದೇ ಅಂತ ಆಗ ಗೊತ್ತಾಯಿತು. ಮತ್ತೆ ಕೂರಿಸಿದೆ. ಕಿರುಚುವುದು ತಪ್ಪಲ್ಲ, ಆ ಕೋಣೆಯಲ್ಲಿರುವವರು ದಿನವೂ ಕೇಳುವ ಸದ್ದು ಅದು ಅಂದೆ. ನೋವು ತಗ್ಗಿಸಲು ಏನೇನು ಸಿಗುತ್ತದೆ ಅಂತ ಮೊದಲೇ ಆಸ್ಪತ್ರೆಯಲ್ಲಿ ಕೇಳಿಡಲು ಹೇಳಿದೆ. ಮಲಗಲು ಅವಕಾಶವಿದ್ದೂ ಕಣ್ಣು ಮುಚ್ಚದೆ ಎದೆ ಹೊಡೆದುಕೊಳ್ಳುವುದು ಹೀಗೇ ಮುಂದುವರಿದರೆ ಡಾಕ್ಟರಿಗೆ ಅದನ್ನೂ ಹೇಳಿ, ಬಸುರಿನಲ್ಲೂ ಅದಕ್ಕೆ ಚಿಕಿತ್ಸೆ ಇದೆ ಅಂದೆ.

ಮುಂದಿನ ವಾರ ಅವರು ಬರಲಿಲ್ಲ. 40 ವಾರ ಮುಗಿದು 5 ದಿನಕ್ಕೆ ಅವರ ಗಂಡನಿಂದ ಮೆಸೇಜ್ ಬಂತು: “ರಾತ್ರಿ ಎರಡಕ್ಕೆ ಹೊರಟ್ವಿ ಮೇಡಂ. ನಾನೇನೂ ಕೇಳಲಿಲ್ಲ. ಈ ಸಲ ವಾಪಸ್ ಕಳಿಸಲಿಲ್ಲ.”