ಇಯಾಗೋ ಹೇಳೋ ಸುಳ್ಳನ್ನ ಫ್ಲ್ಯಾಷ್‌ಬ್ಯಾಕಲ್ಲಿ ತೋರಿಸ್ಬೇಕಾ?

ದಯವಿಟ್ಟು ಬೇಡ. "ಒಥೆಲೋ ನಾಟಕನ 40 ನಿಮಿಷದ ಸಿನಿಮಾ ಮಾಡ್ತಿದೀನಿ, ಇಯಾಗೋ ಹೇಳೋ ಸುಳ್ಳೆಲ್ಲ ಬರೀ ಮಾತಲ್ಲಿದ್ರೆ ಬೋರ್ ಹೊಡಿಯುತ್ತೆ, ಫ್ಲ್ಯಾಷ್‌ಬ್ಯಾಕ್ ಹಾಕ್ಲಾ? ಕರವಸ್ತ್ರ ಬದಲಾಯಿಸಿದ್ರೆ ಮೂಲಕ್ಕೆ ದ್ರೋಹ ಆಗುತ್ತಾ?" ಅಂತ ಕೇಳಿದೀರಲ್ಲ, ಆರು ವರ್ಷದ ಹಿಂದೆ ಇದೇ ಪ್ರಶ್ನೆನ ನಾನೇ ಕೇಳ್ಕೊಂಡು ನಾನೇ ತಪ್ಪು ಉತ್ತರ ಕೊಟ್ಕೊಂಡು ಒಂದಿಡೀ ಸಿನಿಮಾನ ಕೈಯಾರೆ ಕೆಡಿಸ್ಕೊಂಡಿದೀನಿ. ಶೇಕ್ಸ್‌ಪಿಯರ್‌ನ ಈ ನಾಟಕ ಓದಿರದವರಿಗೆ ಒಂದೇ ಮಾತಲ್ಲಿ ಹೇಳ್ತೀನಿ: ಸೇನಾಪತಿ ಒಥೆಲೋಗೆ ಅವನ ಕೈಕೆಳಗಿನ ಇಯಾಗೋ, ನಿನ್ನ ಹೆಂಡ್ತಿ ಡೆಸ್ಡೆಮೋನಾಗೂ ನಿನ್ನ ಅಧಿಕಾರಿ ಕ್ಯಾಸಿಯೋಗೂ ಸಂಬಂಧ ಇದೆ ಅಂತ ಸುಳ್ಳು ಹೇಳಿ ನಂಬಿಸ್ತಾನೆ, ಒಥೆಲೋ ಅವಳಿಗೆ ಕೊಟ್ಟ ಕರವಸ್ತ್ರನೇ ಅದಕ್ಕೆ ಸಾಕ್ಷಿ ಮಾಡ್ತಾನೆ, ಒಥೆಲೋ ಅವಳನ್ನ ಕೊಲ್ತಾನೆ.

ನಮ್ದು 35 ನಿಮಿಷದ್ದು. ಈಗಿನ ಕಾಲದ ಬಟ್ಟೆ, ಎರಡೇ ಮನೆ, ಆರು ಜನ ನಟರು, ಎಲ್ಲಾ ರಂಗದ ಮೇಲೆ ಪಳಗಿದವರೇ. ನನ್ನ ತಲೇಲಿ ಇದ್ದಿದ್ದು ಒಂದೇ ಮಂತ್ರ, ಸಿನಿಮಾ ಅಂದ್ರೆ ಹೇಳೋದಲ್ಲ ತೋರಿಸೋದು ಅಂತ. ಮೂರನೇ ಅಂಕದ ಮೂರನೇ ದೃಶ್ಯದಲ್ಲಿ ಇಯಾಗೋ ಒಂದು ಕಥೆ ಕಟ್ತಾನಲ್ಲ, ಮೊನ್ನೆ ಕ್ಯಾಸಿಯೋ ಪಕ್ಕದಲ್ಲಿ ಮಲಗಿದ್ದೆ, ಹಲ್ಲುನೋವಿಗೆ ನಿದ್ದೆ ಬಂದಿರ್ಲಿಲ್ಲ, ಅವನು ನಿದ್ದೇಲಿ ಡೆಸ್ಡೆಮೋನಾ ಹೆಸರು ಹಿಡಿದು ಕನವರಿಸ್ತಿದ್ದ ಅಂತ, ಅಲ್ಲಿಗೆ ಬಂದಾಗ ನಂಗೆ ಕೈ ತುರಿಕೆ ಶುರುವಾಯ್ತು. ಒಬ್ಬ ಮಾತಾಡ್ತಾನೆ ಇನ್ನೊಬ್ಬ ಕೇಳ್ತಾ ಕೂತಿರ್ತಾನೆ, ಇದೇನು ರೇಡಿಯೋ ನಾಟಕನಾ? ಕಟ್ ಮಾಡಿ ಡೆಸ್ಡೆಮೋನಾನ ಕ್ಯಾಸಿಯೋನ ಒಂದು ರೂಮಲ್ಲಿ ತೋರಿಸ್ಬಿಟ್ಟೆ. ಅಸಭ್ಯ ಏನಿಲ್ಲ, ಕಿಟಕಿ ಹತ್ರ ನಿಂತಿರ್ತಾರೆ, ಅವಳು ಅವನ ಕಾಲರ್ ಸರಿ ಮಾಡ್ತಾಳೆ, ಪರದೆ ಹಾರುತ್ತೆ. 40 ಸೆಕೆಂಡ್ ಅಷ್ಟೆ.

ಮೊದಲ ಸಲ ಒಂದೈವತ್ತು ಜನಕ್ಕೆ ಹಾಕಿ ತೋರಿಸಿದ್ವಿ. ಮುಗಿದ್ಮೇಲೆ ಒಬ್ಬರು ಹಿರಿಯರು ಬಂದು ಕೈ ಕುಲುಕಿ, "ಚೆನ್ನಾಗಿದೆ ಕಣಪ್ಪ, ಆದ್ರೆ ಆ ಹುಡುಗಿ ತಪ್ಪು ಮಾಡಿದ್ಲಲ್ಲ, ಕೊನೇಲಿ ಯಾಕೆ ಅವಳದ್ದೇನೂ ಇಲ್ಲ ಅಂದ್ಬಿಟ್ರಿ?" ಅಂದ್ರು.

"ಇಲ್ಲ ಸರ್, ಅದು ಇಯಾಗೋ ಹೇಳಿದ ಸುಳ್ಳು."

"ಸುಳ್ಳು ಹೇಗಪ್ಪಾ ಆಗುತ್ತೆ? ನಾವೇ ನೋಡಿದ್ವಲ್ಲ."

ಈಗ್ಲೂ ಇದನ್ನ ಟೈಪ್ ಮಾಡೋವಾಗ ಕಿವಿ ಬಿಸಿ ಆಗ್ತಿದೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ಇದೆ ನಿಜ, ಆದ್ರೆ ಸಿನಿಮಾ ನೋಡೋನು ಯಾವುದನ್ನ ಇಟ್ಕೊಂಡು ಪ್ರಮಾಣಿಸ್ತಾನೆ ಹೇಳಿ, ಅವನಿಗೆ ಇರೋದೇ ನಾವು ತೋರಿಸೋ ಪ್ರತ್ಯಕ್ಷ. ಮಾತನ್ನ ಅನುಮಾನಿಸ್ಬಹುದು, ಶಾಟ್‌ನ ಯಾರೂ ಅನುಮಾನಿಸಲ್ಲ. ನಾನು ಇಯಾಗೋ ಪರವಾಗಿ ಸಾಕ್ಷಿ ಹೇಳಿದೆ, ಅದೂ ಒಳ್ಳೇ ಲೆನ್ಸ್ ಹಾಕ್ಕೊಂಡು. ಆ ದೃಶ್ಯದಲ್ಲಿ ಒಥೆಲೋ ರೊಚ್ಚಿಗೆದ್ದಾಗ ಸ್ವತಃ ಇಯಾಗೋನೇ ಅದು ಬರೀ ಅವನ ಕನಸು ಅಂತಾನೆ ನೋಡಿ, ಆ ಸಾಲು ನಮ್ಮ ಸಿನಿಮಾದಲ್ಲೂ ಇತ್ತು, ಯಾರ ಕಿವಿಗೂ ಬಿದ್ದಿಲ್ಲ! ಇಯಾಗೋ ಹೇಳಿದ್ದಕ್ಕಿಂತ ಜಾಸ್ತಿ ನಾನು ಹೇಳಿದ್ದೆ. ಅಲ್ಲಿಗೆ ಅದು ಅಮಾಯಕಿಯ ಕೊಲೆ ಆಗಿ ಉಳೀಲಿಲ್ಲ, ಮೋಸ ಹೋದ ಗಂಡನ ಕಥೆ ಆಗೋಯ್ತು, ಒಥೆಲೋ ಮೇಲೆ ಬರ್ಬೇಕಾದ ಸಿಟ್ಟು ಅವಳ ಮೇಲೆ ಬಂತು. ನಾಟಕ ತಲೆಕೆಳಗಾಯ್ತು.

ಸರಿ ಆ 40 ಸೆಕೆಂಡ್ ಕಿತ್ತಾಕಿದ್ರಾಯ್ತು ಅಂತ ಎಡಿಟಿಂಗಿಗೆ ಕೂತ್ವಿ, ನಿಜವಾದ ಪೆಟ್ಟು ಬಿದ್ದಿದ್ದು ಅಲ್ಲಿ. ಆ ಜಾಗಕ್ಕೆ ಹೇಗಿದ್ರೂ ಫ್ಲ್ಯಾಷ್‌ಬ್ಯಾಕ್ ಬರುತ್ತಲ್ಲ ಅಂತ ಇಯಾಗೋ ಮಾತು ಕೇಳ್ತಿರೋ ಒಥೆಲೋ ಮುಖನ ನಾನು ಸರಿಯಾಗಿ ಶೂಟೇ ಮಾಡಿರ್ಲಿಲ್ಲ. ರಷಸ್ (ಶೂಟ್ ಮಾಡಿದ ಕಚ್ಚಾ ದೃಶ್ಯಗಳು) ಎಲ್ಲಾ ಜಾಲಾಡಿದ್ರೆ ಸಿಕ್ಕಿದ್ದು 9 ಸೆಕೆಂಡ್, ಅದರಲ್ಲೂ ಕೊನೆಗೆ ಮೋಡ ಬಂದು ಬೆಳಕು ಇಳಿಯುತ್ತೆ. ಆ 9 ಸೆಕೆಂಡಲ್ಲಿ ನಮ್ಮ ನಟ ಏನೂ ಮಾಡಲ್ಲ, ಕೈಲಿರೋ ಕಾಗದನ ಮಡಚ್ತಾನೆ, ಮತ್ತೆ ಬಿಡಿಸ್ತಾನೆ, ಮತ್ತೆ ಅದೇ ಗೆರೆ ಮೇಲೆ ಮಡಚ್ತಾನೆ. ಅದನ್ನ ನೋಡ್ತಿದ್ದಂಗೆ ಎಡಿಟರ್ರು ನಾನು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ, ಸಿನಿಮಾ ಇದ್ದಿದ್ದು ಇಲ್ಲಿ ಅಂತ ಇಬ್ರಿಗೂ ಗೊತ್ತಾಯ್ತು. ಅಷ್ಟೊತ್ತಿಗೆ ಅವನು ಬೇರೆ ನಾಟಕಕ್ಕೆ ತಲೆ ಬೋಳಿಸಿದ್ದ, ಮತ್ತೆ ಶೂಟ್ ಮಾಡೋ ಹಾಗೂ ಇರ್ಲಿಲ್ಲ.

1995ರ ಇಂಗ್ಲಿಷ್ 'ಒಥೆಲೋ' ಸಿನಿಮಾದಲ್ಲಿ ಡೆಸ್ಡೆಮೋನಾ ಕ್ಯಾಸಿಯೋನ ಒಟ್ಟಿಗೆ ತೋರಿಸಿದಾರಲ್ಲ ಅಂತ ನೀವು ಹೇಳ್ಬಹುದು. ತೋರಿಸಿದಾರೆ, ಆದ್ರೆ ಅಲ್ಲಿ ಅದು ಒಥೆಲೋ ತಲೆಯೊಳಗಿನ ಭ್ರಮೆ, ಇಯಾಗೋ ವರದಿಗೆ ಹಾಕಿದ ಚಿತ್ರ ಅಲ್ಲ. ಹಾಗಿದ್ರೂ ನಂಗೆ ಹಿಡಿಸಲ್ಲ.

ಇನ್ನೊಂದು ವಿಷಯ ನಂಗೆ ತುಂಬಾ ತಡವಾಗಿ ಹೊಳೀತು. ಈ ನಾಟಕದಲ್ಲಿ ಒಥೆಲೋಗೆ ಕೇಳಿಸಿದ್ದು ಕಾಣಲ್ಲ, ಕಂಡಿದ್ದು ಕೇಳಲ್ಲ. ಕನಸಿನ ಕಥೇಲಿ ಬರೀ ಕಿವಿ. ನಾಲ್ಕನೇ ಅಂಕದಲ್ಲಿ ಮರೇಲಿ ನಿಂತು ನೋಡ್ತಾನಲ್ಲ, ಅಲ್ಲಿ ಕ್ಯಾಸಿಯೋ ನಗ್ತಿರೋದು ತನ್ನ ಪ್ರೇಯಸಿ ಬಿಯಾಂಕಾ ವಿಷಯಕ್ಕೆ, ಇವನು ದೂರದಿಂದ ನಗು, ಕೈಸನ್ನೆ ನೋಡಿ ನನ್ನ ಹೆಂಡ್ತಿ ಬಗ್ಗೆನೇ ಅಂದ್ಕೋತಾನೆ. ಮೊದಲನೇದರಲ್ಲಿ ಕ್ಯಾಮೆರಾ ಒಥೆಲೋ ಮುಖ ಬಿಟ್ಟು ಅಲ್ಲಾಡಬಾರದು, ಎರಡನೇದರಲ್ಲಿ ಸೌಂಡ್ ಕಿತ್ತುಹಾಕಿ, ಗಾಜಿನ ಆಚೆ ಇಬ್ಬರು ನಗ್ತಿರ್ಲಿ ಸಾಕು. ಇದು ಸಿನಿಮಾಗೆ ಅಂತಲೇ ಬರೆದಿಟ್ಟಂಗಿದೆ, ನೀವು ಅಂದ್ಕೊಂಡಂಗೆ ಮಾತೇ ಬೋರ್ ಅಲ್ಲ, ಮಾತಿಗೆ ಚಿತ್ರ ಅಂಟಿಸೋದು ಬೋರ್.

ಕರವಸ್ತ್ರದ ವಿಷಯ. ಧಾರಾಳವಾಗಿ ಬದಲಾಯಿಸಿ, ಇದೇ ಕಥೆ ಇಟ್ಕೊಂಡು ಮಾಡಿದ 2006ರ ಹಿಂದಿ ಸಿನಿಮಾ 'ಓಂಕಾರ'ದಲ್ಲಿ ಅದು ಸೊಂಟದ ಡಾಬು ಆಯ್ತು, ಯಾರೂ ದ್ರೋಹ ಅನ್ಲಿಲ್ಲ. ಶೇಕ್ಸ್‌ಪಿಯರೇ ಈ ಕಥೆನ ಎತ್ಕೊಂಡಿದ್ದು 1565ರಲ್ಲಿ ಪ್ರಕಟವಾದ ಚಿಂಥಿಯೋನ ಇಟಾಲಿಯನ್ ಕಥೆಯಿಂದ, ಅದರಲ್ಲಿ ಖಳನಾಯಕ ತನ್ನ ಮಗಳನ್ನ ನಾಯಕಿಯ ತೋಳಿಗೆ ಕೊಟ್ಟು, ಅವಳು ಮಗು ಆಡಿಸ್ತಿರೋವಾಗ ಕರವಸ್ತ್ರ ಕದೀತಾನೆ. ಶೇಕ್ಸ್‌ಪಿಯರ್ ಅದನ್ನ ಬಿಟ್ಟ. ಅವನ ನಾಟಕದಲ್ಲಿ ಗಂಡನಿಗೆ ತಲೆನೋವು ಅಂತ ಡೆಸ್ಡೆಮೋನಾನೇ ಅದನ್ನ ಹಣೆಗೆ ಕಟ್ಟೋಕೆ ಹೋಗ್ತಾಳೆ, ಇದು ಸಣ್ಣದಾಯ್ತು ಅಂತ ಒಥೆಲೋ ಬೇಡ ಅಂತಾನೆ, ಕೆಳಗೆ ಬೀಳುತ್ತೆ, ಇರ್ಲಿ ಬಿಡು ಬಾ ಅಂತ ಅವಳನ್ನ ಕರ್ಕೊಂಡು ಹೋಗ್ತಾನೆ, ಇಯಾಗೋ ಹೆಂಡ್ತಿ ಎಮಿಲಿಯಾ ಎತ್ಕೋತಾಳೆ. ಆಮೇಲೆ ಅದೇ ಮನುಷ್ಯ ಕರವಸ್ತ್ರ ಎಲ್ಲಿ ಎಲ್ಲಿ ಅಂತ ಅವಳ ಜೀವ ತೆಗೀತಾನೆ. ವಸ್ತು ಡಾಬಾದ್ರೂ ಆಗ್ಲಿ ಮೊಬೈಲಾದ್ರೂ ಆಗ್ಲಿ, ಅದು ಬೀಳೋಕೆ ಅವನೇ ಕಾರಣ ಆಗಿರ್ಬೇಕು, ಅಷ್ಟು ಮಾತ್ರ ಬಿಡ್ಬೇಡಿ.

ಸ್ವಗತಗಳಿಗೆ ವಾಯ್ಸ್ ಓವರ್ ಬೇಡ, ಇಯಾಗೋ ಕ್ಯಾಮೆರಾ ನೋಡ್ಕೊಂಡೇ ಹೇಳ್ಲಿ. ನಾಟಕದಲ್ಲಿ ಒಥೆಲೋಗಿಂತ ಜಾಸ್ತಿ ಸಾಲು ಇರೋದೇ ಅವನಿಗೆ, ಧಾರಾಳವಾಗಿ ಕತ್ತರಿಸಿ.

ದುಡ್ಡಿಲ್ಲ ಅಂತ ಬರ್ದಿದೀರಿ. ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಇದೇ ನಾಟಕನ ಸಿನಿಮಾ ಮಾಡೋವಾಗ ದುಡ್ಡು ಸಿಕ್ಕಿದಾಗ ಒಂದಿಷ್ಟು, ಇಲ್ದಿದ್ದಾಗ ನಿಲ್ಲಿಸಿ, ಸುಮಾರು ಮೂರು ವರ್ಷ ಎಳೆದ. ಮೊರಾಕ್ಕೋದಲ್ಲಿ ಕಾಸ್ಟ್ಯೂಮ್ ಬರ್ಲಿಲ್ಲ ಅಂತ ಒಂದು ಕೊಲೆ ದೃಶ್ಯನ ಸ್ನಾನದ ಮನೆಗೆ ಹಾಕಿ, ಟವೆಲ್ ಸುತ್ಕೊಂಡೇ ಶೂಟ್ ಮಾಡ್ದ, 1952ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಆ ಸಿನಿಮಾಗೆ ಅತ್ಯುನ್ನತ ಬಹುಮಾನ ಬಂತು. ನಿಮ್ಮ ಹತ್ರ ಒಂದು ದಿನದ ದುಡ್ಡು ಮಾತ್ರ ಉಳಿದ್ರೆ ಆ ದಿನ ಪೂರ್ತಿ ಒಥೆಲೋ ಕೇಳಿಸ್ಕೊಳ್ಳೋ ಮುಖಕ್ಕೆ ಕೊಡಿ. ಇಯಾಗೋ ಪಾತ್ರಧಾರಿ ಕ್ಯಾಮೆರಾ ಹಿಂದೆ ಕೂತು ಪೂರ್ತಿ ಮಾತು ಹೇಳ್ಲಿ, ನೀವು ಕಟ್ ಅನ್ಬೇಡಿ.

ನಮ್ಮ ಆ 40 ಸೆಕೆಂಡ್ ಇನ್ನೂ ಹಾರ್ಡ್‌ಡಿಸ್ಕಲ್ಲಿದೆ. ಡಿಲೀಟ್ ಮಾಡೋಕೆ ಮನಸ್ಸು ಬಂದಿಲ್ಲ, ಲೈಟಿಂಗ್ ಅಷ್ಟು ಚೆನ್ನಾಗಿದೆ.