ಯಂತ್ರ ಮಾಡಿದ್ದೇನೆ, ಪತ್ರಿಕೆಯವರು ತಿರುಗಿ ನೋಡುತ್ತಿಲ್ಲ

ಪ್ರಶ್ನೆ: ಚಾಲಿ ಅಡಿಕೆ (ಹಣ್ಣಾದ ಮೇಲೆ ಸಿಪ್ಪೆ ಸಮೇತ ಒಣಗಿಸಿದ ಅಡಿಕೆ) ಸುಲಿಯುವ ಸಣ್ಣ ಯಂತ್ರ ಮಾಡಿದ್ದೇನೆ. ಮೂರು ಪತ್ರಿಕೆಗಳಿಗೆ ಬರೆದರೂ ಉತ್ತರವಿಲ್ಲ. ಹೊಸ ಯಂತ್ರಗಳ ಬಗೆಗಿನ ಲೇಖನಗಳಿಗೆ ಯಾರನ್ನು, ಹೇಗೆ ಆರಿಸುತ್ತಾರೆ?
– ಓದುಗರು, ಕಾರ್ಕಳ

ಉತ್ತರ: ‘ದೇಶದಲ್ಲೇ ಮೊದಲು’ ಎಂದು ಶುರುವಾಗುವ ಪತ್ರ ಅಲ್ಲಿಗೇ ಬದಿಗೆ ಬೀಳುತ್ತದೆ. ಅಡಿಕೆ ಸುಲಿಯುವ ಯಂತ್ರಗಳು ಈಗಾಗಲೇ ಹಲವಿವೆ. ನಿಮ್ಮದರಲ್ಲಿ ಬೇರೆ ಏನೆಂದು ಎರಡೇ ವಾಕ್ಯದಲ್ಲಿ ಹೇಳಿ. ಸಂಪಾದಕರು ಹುಡುಕುವುದು ಅಳತೆಯನ್ನು. ಗಂಟೆಗೆ ಎಷ್ಟು ಕಿಲೋ, ನೂರರಲ್ಲಿ ಎಷ್ಟು ಒಡೆಯುತ್ತವೆ, ಎಷ್ಟು ಸಿಪ್ಪೆ ಬಿಡದೆ ಉಳಿಯುತ್ತವೆ, ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುತ್ತದೆಯೇ, ಬೆಲೆ ಎಷ್ಟು. ಸರಿಯಾಗಿ ಒಣಗದ ಅಡಿಕೆ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ. ನಮ್ಮ ಕರಾವಳಿಯ ಕೃಷಿಕರು ಮೊದಲು ಕೇಳುವುದೇ ಅದನ್ನು. ಮುಚ್ಚಿಟ್ಟರೆ ಅನುಮಾನ ಹುಟ್ಟುತ್ತದೆ.

ಬಂಧುಗಳಲ್ಲದ ಇಬ್ಬರು ಬಳಕೆದಾರರ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಕೊಡಿ. ವರದಿಗಾರ ನಿಮಗಿಂತ ಅವರ ಮಾತನ್ನೇ ಹೆಚ್ಚು ನಂಬುತ್ತಾನೆ. ಫೋಟೋ ಯಂತ್ರ ಓಡುತ್ತಿರುವಾಗಿನದಿರಲಿ. ಶಾಲು, ಹಾರದ ಫೋಟೋ ಖಂಡಿತ ಬೇಡ.

ಪೇಟೆಂಟ್ ಪಡೆಯುವ ಯೋಚನೆಯಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಅರ್ಜಿ ಹಾಕುವ ಮೊದಲೇ ಒಳಗಿನ ರಚನೆ ಅಚ್ಚಾದರೆ ‘ಹೊಸತು’ ಎಂಬ ಅರ್ಹತೆಯೇ ತಪ್ಪಿಹೋಗಬಹುದು. ಬಹಿರಂಗವಾಗಿ ಮಾರಿದ್ದರೂ ಅದೇ ತೊಡಕು. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರೆ, ಪೂರ್ಣ ವಿವರ ಕೊಡಲು 12 ತಿಂಗಳ ಕಾಲಾವಕಾಶವಿದೆ. ಅರ್ಜಿ ಸಲ್ಲಿಸಿದ ಮೇಲೆ ಪತ್ರಿಕೆಗೆ ಬರೆಯಿರಿ, ಸುಲಿಯುವ ಹಂಗಾಮಿಗೆ ತಿಂಗಳೆರಡು ತಿಂಗಳು ಮುಂಚೆ.

ಲೇಖನ ಹಾಕಲು ಯಾರಾದರೂ ಹಣ ಕೇಳಿದರೆ ಅದು ಜಾಹೀರಾತು, ಆಯ್ಕೆಯಲ್ಲ.