ಡಾಲಾ ಅರ್ಧ ಖಾಲಿ ಅದ, ಆದ್ರೂ ಸ್ಟೇರಿಂಗ್ ಯಾಕ ಹಗುರ ಆಗ್ತದ?

ಪ್ರಶ್ನೆ: ಸರ್, ನಮ್ದು ಒಂದೂವರೆ ಟನ್ ಪಿಕಪ್. ಶಹಾಬಾದದಿಂದ ಫರಸಿ ಕಲ್ಲು ತುಂಬ್ಕೊಂಡು ಹುಮನಾಬಾದ್ ಮ್ಯಾಲಿಂದ ಬೀದರಕ್ಕ ಹೋಗ್ತೀನಿ. ಡಾಲಾ, ಅಂದ್ರ ಹಿಂದಿನ ಮಾಲು ಹೇರೋ ಭಾಗ, ಅರ್ಧನೂ ತುಂಬಿರಲ್ಲ, ಆದ್ರ ಸ್ಪೀಡ್‌ನಾಗ ಸ್ಟೇರಿಂಗ್ ತೇಲಿದಂಗ ಆಗ್ತದ. ತೊಗರಿ ಹೇರಿದಾಗ ಹಿಂಗಾಗಲ್ಲ. ಮತ್ತ ದಾರ್ಯಾಗ ಗಾಡಿ ಬಂದ್ ಬಿದ್ರ ಇನ್ನೊಂದು ಪಿಕಪ್ಪಿಗೆ ಹಗ್ಗ ಕಟ್ಟಿ ಎಳಸಬಹುದಾ?
— ಚಿತ್ತಾಪುರ ತಾಲೂಕಿನ ಓದುಗರು

ಉತ್ತರ: ಕಣ್ಣಳತಿ ಬಿಡ್ರಿ, ಲೆಕ್ಕ ಹಾಕ್ರಿ. ಒಂದಿಂಚು ದಪ್ಪದ ಫರಸಿ ಚದರಡಿಗೆ ಸುಮಾರು 6 ಕೆಜಿ ಬರ್ತದ, ಅಂದ್ರ 2x2 ಕಲ್ಲು ಒಂದಕ್ಕ 24 ಕೆಜಿ, ಅಂಥವು 60 ಇಟ್ರ ನಿಮ್ಮ ಒಂದೂವರೆ ಟನ್ ಹತ್ತಹತ್ರ ಅಲ್ಲಿಗೇ ಮುಗೀತು. ಅದೇ ವಜನಿಗೆ ತೊಗರಿ ಆದ್ರ 15 ಕ್ವಿಂಟಲ್, ಇಡೀ ಗಾಡಿ ಹರಡಿ ಕೂಡ್ತದ. ಆರ್‌ಸಿ ಒಳಗ ಲೋಡ್ ಆದಮ್ಯಾಲಿನ ಒಟ್ಟು ವಜನ್, ಖಾಲಿ ಗಾಡಿ ವಜನ್ ಎರಡೂ ಇರ್ತಾವ, ಒಂದರಾಗ ಒಂದು ಕಳದ್ರ ನಿಮ್ಮ ಮಿತಿ ಸಿಗ್ತದ, ಡ್ರೈವರ್, ಹಮಾಲರ ವಜನೂ ಅದರಾಗೇ ಬಂತು. ಹಂಗಂತ ಹಮಾಲರನ್ನ ಕಲ್ಲಿನ ಮ್ಯಾಲ ಕೂಡ್ರಸಬ್ಯಾಡ್ರಿ ಮತ್ತ! ಒಂದ್ಸಲ ಲೋಡ್ ಗಾಡಿನ ಕಾಟಾ ಮಾಡಸ್ರಿ, ಅಂದ್ರ ತೂಕ ಹಾಕಸ್ರಿ. ಓವರ್‌ಲೋಡ್ ಸಿಕ್ರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000 ಬ್ಯಾರೆ, ಹೆಚ್ಚಿಂದು ಇಳಸೋ ಖರ್ಚೂ ನಿಮ್ದೇ.

ಸ್ಟೇರಿಂಗ್ ತೇಲೋದಕ್ಕ ಬಹುಶಃ ಕಾರಣ ಕಲ್ಲು ಇಡೋ ಜಾಗ. ಇಳಸಾಕ ಸಲೀಸು ಅಂತ ಹಮಾಲರು ಡಾಲಾ ಬಾಯಿಗೇ ಪೇರಿಸ್ತಾರ, ಹಿಂದಿನ ಗಾಲಿಗಿಂತ ಹಿಂದ ವಜನ್ ಬಿದ್ರ ಗಾಡಿ ಮೂತಿ ಮ್ಯಾಲ ಎದ್ದು ಮುಂದಿನ ಟಯರಿಗೆ ಹಿಡಿತನೇ ಇರಲ್ಲ, ಬ್ರೇಕೂ ಕೈ ಕೊಡ್ತದ. ವಜನಿನ ನಡು ಹಿಂದಿನ ಆಕ್ಸಲ್‌ಗಿಂತ ತುಸು ಮುಂದ ಬರ್ಬೇಕು. ಕಲ್ಲು ಅಂಚಿನ ಮ್ಯಾಲ ನಿಲ್ಲಿಸಿ, ನಡುವ ಹಳೇ ಗೋಣಿ ಕೊಟ್ಟು, ಕ್ಯಾಬಿನ್ ಕಡಿ ಜಾಗ ಉಳದ್ರ ಅಲ್ಲಿ ಕಟ್ಟಿಗಿ ತುರಕ್ರಿ, ಇಲ್ಲಂದ್ರ ಜೋರ್ ಬ್ರೇಕ್ ಹಾಕಿದಾಗ ಅಷ್ಟೂ ಕಲ್ಲು ನಿಮ್ಮ ಬೆನ್ನಿಗೇ ಬರ್ತದ. ರಾಚೆಟ್ ಬೆಲ್ಟ್‌ಲೆ (ಹಿಡಿ ತಿರುವಿ ಬಿಗಿ ಮಾಡೋ ಪಟ್ಟಿ) ಬಿಗೀರಿ, ಹಗ್ಗ ಸಾಲಲ್ಲ, ಒಂದಷ್ಟು ದೂರ ಹೋಗಿ ನಿಂತು ಮತ್ತ ನೋಡ್ರಿ, ಸಡಿಲ ಆಗೇ ಆಗಿರ್ತದ. ಟಯರ್ ಹವಾ ಲೋಡಿನ ಲೆಕ್ಕದ್ದು ಇರಲಿ.

ಇನ್ನ ಎಳಸೋದು. ಖಾಲಿ ಗಾಡಿ ಆದ್ರ ಹತ್ತಿರದ ಗ್ಯಾರೇಜ್ ತನಕ ಸರಿ. ಎರಡು ಗಾಡಿ ನಡುವ 5 ಮೀಟರಿಗಿಂತ ಹೆಚ್ಚು ಅಂತರ ಬ್ಯಾಡ, ಹಗ್ಗಕ್ಕ ಕೆಂಪು ಬಟ್ಟಿ ಕಟ್ರಿ, ತಾಸಿಗೆ 20 ಕಿ.ಮೀ. ಮ್ಯಾಲ ಹೋಗಬ್ಯಾಡ್ರಿ. ಬಂಪರಿಗಲ್ಲ, ಚಾಸಿಗೆ ಇರೋ ಹುಕ್ಕಿಗೇ ಕಟ್ಬೇಕು. ಹಿಂದಿನ ಗಾಡ್ಯಾಗ ಲೈಸೆನ್ಸ್ ಇದ್ದಾಂವ ಕೂಡ್ಲಿ, ಗೇರ್ ನ್ಯೂಟ್ರಲ್, ಚಾವಿ ಆನ್ ಇರ್ಲಿ, ತಗದ್ರ ಸ್ಟೇರಿಂಗ್ ಲಾಕ್ ಬೀಳ್ತದ. ಇಂಜಿನ್ ಬಂದ್ ಅಂದ್ರ ಬ್ರೇಕ್ ಬೂಸ್ಟರ್ (ಪೆಡಲ್ ಹಗುರ ಮಾಡೋ ಭಾಗ) ಕೆಲಸ ಮಾಡಲ್ಲ, ಪೆಡಲ್ ಕಲ್ಲಿನಂಗ ಗಟ್ಟಿ ಆಗ್ತದ, ಅಂವಗ ಮೊದಲೇ ಹೇಳಿ ಕೂಡ್ರಸ್ರಿ. ಎಳಿಯೋವಾಗ ಯಾರೂ ಹಗ್ಗದ ಹತ್ರ ನಿಲ್ಲಬಾರದು.

ಕಲ್ಲು ತುಂಬಿದ ಗಾಡಿ ಮಾತ್ರ ಹಗ್ಗಕ್ಕ ಕಟ್ಟಬ್ಯಾಡ್ರಿ. ಇಳಿಜಾರಿನಾಗ ಅದು ಮುಂದಿನ ಗಾಡಿನ್ನೇ ದಬ್ಬತದ. ಕಲ್ಲು ಬ್ಯಾರೆ ಗಾಡಿಗೆ ಹಾಕ್ರಿ, ಇಲ್ಲಾ ಕ್ರೇನ್ ತರಸ್ರಿ.